ಸಿಪ್ಪೆಯ ಪೀಪಾಯಿ ಮತ್ತು ನನ್ನ ಬಿಳಿ ಅಂಗಿ

ನಮ್ಮ ಹಿಂದಿನ ಓಣಿಯಲ್ಲಿ ಬಟ್ಟೆಗೆ ಬಣ್ಣ ಹಾಕುವವಳೊಬ್ಬಳಿದ್ದಾಳೆ. ಎಲ್ಲರಿಗೂ ಅವಳು ಬಣ್ಣದಕ್ಕ. ಮೊಣಕೈವರೆಗೆ ಸದಾ ನೀಲಿ. ಗಂಡ ಬಿಟ್ಟುಹೋದಾಗ ಅತ್ತೆ ಮಾತ್ರ ಸೊಸೆಯ ಕಡೆಯೇ ಉಳಿದಳು. "ಹೋದೋನು ನನ್ ಮಗ, ದುಡಿಯೋಳು ಇವಳು. ಯಾರ ಜೊತೆ ಇರ್ಲಿ ಹೇಳಿ?" ಎಂದು ಮುದುಕಿ ನನ್ನನ್ನೇ ಕೇಳುತ್ತಾಳೆ. ತಗಡಿನ ಶೆಡ್ಡು, ಒಲೆ, ಹಂಡೆಗಳು. ಇಬ್ಬರ ಹೊಟ್ಟೆಗೆ ಇಷ್ಟೇ ಆಧಾರ.

ಹಂಡೆ ಬರಿದಾದಾಗೆಲ್ಲ ಚರಂಡಿ ನೀಲಿಯಾಗುತ್ತಿತ್ತು. ಓಣಿಯವರ ದೂರಿನ ಮೇಲೆ ಆರೋಗ್ಯ ಇನ್ಸ್‌ಪೆಕ್ಟರು ಬಂದರು. "ಮುಂದಿನ ಸಲ ಬಂದಾಗ ಬಣ್ಣ ಕಂಡ್ರೆ ಶೆಡ್ಡಿಗೆ ಬೀಗ" ಎಂದು ಹೋದರು.

ಅಕ್ಕನ ತಂಗಿಯ ಮಗಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಾಳೆ. "ದೊಡ್ಡಮ್ಮ, ಕಿತ್ತಳೆ ಸಿಪ್ಪೆ ಒಣಗಿಸಿ ಪುಡಿ ಮಾಡಿ ನೀರಿಗೆ ಹಾಕು. ಬಣ್ಣ ಸಿಪ್ಪೆಗೆ ಅಂಟ್ಕೊಳುತ್ತೆ" ಎಂದಳು.

ಅಂದಿನಿಂದ ಅಕ್ಕ ಮನೆಮನೆ ಬಾಗಿಲು ಬಡಿದಳು. ನಮ್ಮ ಮನೆಗೂ ಬಂದಳು.

"ತಮ್ಮಾ, ಹಣ್ಣು ತಿಂತೀಯಾ?"

"ಇಲ್ಲಕ್ಕ, ಗ್ಯಾಸು."

"ತಿನ್ನು. ನಂಗೆ ಸಿಪ್ಪೆ ಬೇಕು."

ಡಾಕ್ಟರು ವರ್ಷಗಟ್ಟಲೆ ಹೇಳಿ ಸೋತಿದ್ದನ್ನು ಅವಳು ಒಂದೇ ಮಾತಿನಲ್ಲಿ ಮಾಡಿಸಿದಳು.

ಮೊದಲ ಪ್ರಯೋಗದಲ್ಲಿ ನೀಲಿ ಹೋಯಿತು, ನೀರು ಚಹಾದಂತಾಯಿತು. ಸಿಪ್ಪೆಯ ಸ್ವಂತ ಬಣ್ಣವೇ ಇಳಿದಿತ್ತು. ಹುಡುಗಿಯ ಕಣ್ಣಲ್ಲಿ ನೀರು. ಅಕ್ಕ ಮಾತ್ರ, "ಬಣ್ಣ ಬಿಡೋ ಹೊಸ ಬಟ್ಟೆನ ಏನ್ ಮಾಡ್ತೀವಿ? ಕುದಿಸಿ, ನೀರು ತಿಳಿಯಾಗೋವರೆಗೂ ಜಾಲಾಡ್ತೀವಿ. ಇದಕ್ಕೂ ಅದೇ ಸೇವೆ ಮಾಡೋಣ ಬಿಡು" ಎಂದಳು. ಹಾಗೆ ಜಾಲಾಡಿ, ಒಣಗಿಸಿ, ಕುಟ್ಟಿದ ಸಿಪ್ಪೆಯನ್ನು ನಲ್ಲಿಯಿದ್ದ ಪೀಪಾಯಿಗೆ ತುಂಬಿದಳು. ಮೇಲೆ ನೀಲಿ ನೀರು ಸುರಿದರೆ ಕೆಳಗೆ ತಿಳಿನೀರು.

ಇನ್ಸ್‌ಪೆಕ್ಟರು ಬಂದ ದಿನ ಸಿಪ್ಪೆಯ ಚೀಲ ಹಿಡಿದು ನಾನೂ ಅಲ್ಲಿದ್ದೆ. ಅಕ್ಕ ಪೀಪಾಯಿಯಿಂದ ಹಿಡಿದುಕೊಟ್ಟ ತಿಳಿನೀರಿನ ಲೋಟ ನೋಡಿ ಅವರು ನಕ್ಕರು. "ಇದು ಕುಡಿಯೋ ನೀರು ಕಣಮ್ಮ. ನನ್ನ ಕಣ್ಣೆದುರಿಗೆ ಒಂದು ಬಟ್ಟೆ ಅದ್ದಿ ತೋರ್ಸಿ."

ಅದ್ದಲು ಬಟ್ಟೆಯೇ ಇರಲಿಲ್ಲ. ಬೀಗದ ಸುದ್ದಿ ಕೇಳಿ ಗಿರಾಕಿಗಳು ತಮ್ಮ ಬಟ್ಟೆಗಳನ್ನು ಹಿಂದಕ್ಕೆ ಒಯ್ದಿದ್ದರು. ಅಕ್ಕ ಸುತ್ತಲೂ ನೋಡಿದಳು. ಅವಳ ಕಣ್ಣು ನನ್ನ ಎದೆಯ ಮೇಲೆ ನಿಂತಿತು.

"ತಮ್ಮಾ, ಅಂಗಿ ಬಿಚ್ಚು."

"ಅಕ್ಕಾ, ಹೊಸದು."

"ಬಿಳೀದಲ್ವಾ, ಚೆನ್ನಾಗಿ ಹಿಡಿಯುತ್ತೆ."

ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಬಿದ್ದ ಎಂಬ ಗಾದೆಯನ್ನು ಕಟ್ಟಿದವನು ಬಣ್ಣದಕ್ಕನನ್ನು ನೋಡಿರಲಿಲ್ಲ. ನನ್ನ ಅಂಗಿ ಹಂಡೆಯಲ್ಲಿ ಮುಳುಗಿತು. ಇನ್ಸ್‌ಪೆಕ್ಟರು ಮರ್ಯಾದೆಗೆ ಗೋಡೆ ಕಡೆ ತಿರುಗಿದರು. ಅತ್ತೆ ಮಾತ್ರ ನೆಟ್ಟಗೆ ನೋಡಿ, "ಆ ಬನಿಯನ್ನೂ ಹಾಕ್ಬಿಡಪ್ಪ. ಅರ್ಧ ತೂತೇ ಇದೆ, ಬಣ್ಣ ಕಮ್ಮಿ ಸಾಕು" ಎಂದಳು.

ಹಂಡೆಯ ಉಳಿದ ನೀರನ್ನು ಪೀಪಾಯಿಗೆ ಸುರಿದು ಅಕ್ಕ ನಲ್ಲಿ ತಿರುಗಿಸಿದಳು. ಲೋಟಕ್ಕೆ ಬಿದ್ದದ್ದು ತೆಳುನೀಲಿ. ಇನ್ಸ್‌ಪೆಕ್ಟರ ಕೈ ತಮ್ಮ ಚೀಲದೊಳಗಿನ ಬೀಗದ ಕಡೆ ಹೋಯಿತು.

"ಆತುರ ಮಾಡ್ಬಿಟ್ಟೆ ಸಾರ್. ಸಿಪ್ಪೆ ಜೊತೆ ನೀರು ಸ್ವಲ್ಪ ಹೊತ್ತು ಕೂತಿರ್ಬೇಕು" ಎಂದು ಅಕ್ಕ ಲೋಟವನ್ನು ಪೀಪಾಯಿಗೇ ಮರಳಿ ಸುರಿದಳು. ನಾವೆಲ್ಲ ಚಹಾ ಕುಡಿದೆವು. ಬನಿಯನ್ನಿನಲ್ಲಿ ಕೂತು ಕುಡಿಯುವ ಚಹಾ ಬೇಗ ಮುಗಿಯುವುದಿಲ್ಲ.

ಎರಡನೆಯ ಲೋಟವನ್ನು ಇನ್ಸ್‌ಪೆಕ್ಟರು ಬೆಳಕಿಗೆ ಹಿಡಿದರು. ಅದರಾಚೆ ಅವರ ಬೆರಳು ಸ್ಪಷ್ಟವಾಗಿ ಕಾಣುತ್ತಿತ್ತು.

"ನೀಲಿಯಾದ ಸಿಪ್ಪೆ ಏನ್ಮಾಡ್ತೀರಿ?"

"ಒಣಗಿಸಿ ಮೂಟೆ ಕಟ್ಟಿದೀನಿ ಸಾರ್. ಚರಂಡಿಗಂತೂ ಹಾಕಲ್ಲ."

"ಅದು ಬೇರೆಯಾಗೇ ಇರ್ಲಿ. ಕಸದ ಗಾಡಿ ಕಳಿಸ್ತೀನಿ" ಎಂದು ಅವರು ಚೀಲದ ಜಿಪ್ ಎಳೆದರು. ಬೀಗ ಒಳಗೇ ಉಳಿಯಿತು.

ಅಕ್ಕ ಬೋರಲು ಹಾಕಿದ ಹಂಡೆಯ ಮೇಲೆ ಕೂತು ಎರಡೂ ಕೈಯಿಂದ ಮುಖ ಒರೆಸಿಕೊಂಡಳು. ಮುಖವೆಲ್ಲ ನೀಲಿಯಾಯಿತು.

ನಾನು ಬನಿಯನ್ನಿನಲ್ಲೇ ಮನೆ ಸೇರಿದೆ. ಬಾಗಿಲಲ್ಲಿದ್ದ ಹೆಂಡತಿ ಮೇಲಿಂದ ಕೆಳಗೆ ನೋಡಿದಳು.

"ಅಕ್ಕನ ಶೆಡ್ಡು?"

"ಉಳೀತು. ನನ್ ಅಂಗಿಗೇ ಬಣ್ಣ ಹಾಕಿ ಇನ್ಸ್‌ಪೆಕ್ಟರಿಗೆ ತೋರಿಸಿದ್ಲು."

"ಸದ್ಯ" ಎಂದು ನಿಟ್ಟುಸಿರುಬಿಟ್ಟಳು. "ಪುಣ್ಯ, ಆ ಇನ್ಸ್‌ಪೆಕ್ಟರು ಪ್ಯಾಂಟಿಗೆ ಬಣ್ಣ ಹಾಕಿ ತೋರ್ಸಿ ಅನ್ಲಿಲ್ಲ."