ದೊಡ್ಡಮ್ಮನ ಕೋಣೆಯ ಕೂಲರ್

ಎಂಬತ್ತರ ದಶಕದ ಒಂದು ಬೇಸಿಗೆ. ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಕಡೂರಿನ ನಮ್ಮ ಮನೆಯಲ್ಲಿ ಉಳಿದಿದ್ದರು. ಹೊಸದಾಗಿ ಕಟ್ಟಿಸಿದ ಮನೆ. ಕಕ್ಕಸು ಒಳಗೇ ಇತ್ತು. ಹಿತ್ತಲಲ್ಲಿ ಸೆಪ್ಟಿಕ್ ಟ್ಯಾಂಕು, ಅದರ ಗಾಳಿ ಹೋಗಲು ಗೋಡೆಗುಂಟ ಏರಿಸಿದ ಕೊಳವೆ. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಾದ ನನಗೆ ಅದರ ಬಗ್ಗೆ ಜಂಬವಿತ್ತು.

ಬೆವರು ಕಣ್ಣಿನ ಪಟ್ಟಿಯೊಳಗೆ ಇಳಿಯಬಾರದೆಂದು ದೊಡ್ಡಮ್ಮನ ಕಿಟಕಿಗೆ ಕೂಲರ್ ಹಾಕಿಸಿದೆ. ಅದರ ತೊಟ್ಟಿ ತುಂಬಿ ಹೆಚ್ಚಾದ ನೀರು ಪಕ್ಕದ ಮನೆಯ ಗೋಡೆಗೆ ಸುರಿಯುತ್ತಿತ್ತು. ಅವರು ಆಕ್ಷೇಪಿಸಿದಾಗ ಯಾರನ್ನೂ ಕೇಳದೆ, ಕೂಲರಿನಿಂದ ಒಂದು ರಬ್ಬರ್ ಪೈಪ್ ಎಳೆದು ಸೆಪ್ಟಿಕ್ ಟ್ಯಾಂಕಿನ ಗಾಳಿ ಕೊಳವೆಗೆ ತೂತು ಕೊರೆದು ಸಿಕ್ಕಿಸಿಬಿಟ್ಟೆ.

ಎರಡೇ ದಿನಕ್ಕೆ ಕೋಣೆಯಲ್ಲಿ ನಾತ ಶುರುವಾಯಿತು.

"ವಯಸ್ಸಾಯ್ತಲ್ರೀ, ಅವ್ರಿಗೇ ತಿಳೀದಂಗೆ ಆಗ್ತಿರ್ಬೇಕು. ಏನೂ ಅನ್ಬೇಡಿ," ಎಂದು ಅಡುಗೆಮನೆಯಲ್ಲಿ ಹೆಂಡತಿ ದನಿ ತಗ್ಗಿಸಿ ಹೇಳಿದಳು. ನಾನೂ ನಂಬಿದೆ. ಹಾಸಿಗೆಯ ಮೇಲೆ ರಬ್ಬರ್ ಶೀಟ್ ಬಂತು. ದೊಡ್ಡಮ್ಮ ಗಳಿಗೆಗೊಮ್ಮೆ ಕೈಯಾಡಿಸಿ ದುಪ್ಪಟಿ ಮುಟ್ಟಿ ನೋಡುತ್ತಿದ್ದರು.

"ಒದ್ದೆ ಇಲ್ವಲ್ಲೋ ಮಗಾ. ಮತ್ಯಾಕೆ ಹಿಂಗೆ ನಾತ?"

"ಏನಿಲ್ಲ, ಮಲ್ಕೊಳಿ ದೊಡ್ಡಮ್ಮ," ಎಂದೆ, ಮಕ್ಕಳಿಗೆ ಹೇಳುವ ದನಿಯಲ್ಲಿ.

ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು, ಮಜ್ಜಿಗೆ ಮುಟ್ಟಲಿಲ್ಲ. ಮಾತಾಡಿಸಲು ಯಾರಾದರೂ ಬಂದರೆ ಗೋಡೆಗೆ ಮುಖ ಮಾಡಿ ನಿದ್ದೆ ಬಂದವರಂತೆ ಮಲಗುತ್ತಿದ್ದರು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಸ್ವಲ್ಪ ಹೊತ್ತಿಗೆ ನಾತವೂ ಹೋಯಿತು. ಕರೆಂಟು ಬಂದು ಕೂಲರ್ ತಿರುಗಿದ ಕೂಡಲೇ ಮತ್ತೆ ಬಂತು. ನಾನು ಎದ್ದು ನಿಂತೆ. ಟ್ಯಾಂಕಿನ ಗಾಳಿ ನನ್ನ ಪೈಪಿನಲ್ಲಿ ಏರಿ ಕೂಲರಿಗೆ ಬರುತ್ತಿತ್ತು. ಫ್ಯಾನು ಅದನ್ನು ಅವರ ಮುಖಕ್ಕೇ ಊದುತ್ತಿತ್ತು. ಪೈಪನ್ನು ಬಗ್ಗಿಸಿ ಅದರಲ್ಲಿ ನೀರು ನಿಲ್ಲಿಸಿದರೆ ಗಾಳಿ ಹಿಂದೆ ಬರುವುದಿಲ್ಲವೆಂದು ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದವನು ನಾನೇ.

ಯಾರಿಗೂ ಹೇಳದೆ ಪೈಪ್ ಕಿತ್ತು, ತೂತಿಗೆ ಸಿಮೆಂಟ್ ಮೆತ್ತಿ, ಕೂಲರಿನ ಕೆಳಗೆ ಬಕೆಟ್ ಇಟ್ಟೆ. ಮಾರನೆಯ ದಿನ ನಾತವಿರಲಿಲ್ಲ. "ಶೀಟ್ ಹಾಕಿದ್ದು ಒಳ್ಳೇದಾಯ್ತು," ಎಂದಳು ಹೆಂಡತಿ. ನಾನು ಹೂಂಗುಟ್ಟಿದೆ.

ಅಷ್ಟರಲ್ಲಿ ದೊಡ್ಡಮ್ಮ ಊರಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದರು. ಪಟ್ಟಿ ಬಿಚ್ಚುವ ಮೊದಲೇ ಅಜ್ಜಂಪುರದ ಅವರ ಮಗನ ಮನೆಗೆ ರೈಲಿನಲ್ಲಿ ಕರೆದುಕೊಂಡು ಹೊರಟೆ. ಸೀಟು ಖಾಲಿಯಿದ್ದರೂ ಅವರು ಬಾಗಿಲ ಬಳಿ ನೆಲದ ಮೇಲೆ ಕುಳಿತರು. "ಇಲ್ಲಿ ಗಾಳಿ ಆಡ್ತದೆ. ಯಾರ್ಗೂ ತೊಂದ್ರೆ ಬ್ಯಾಡ," ಎಂದರು. ಬೀರೂರು ದಾಟಿತು, ಅಜ್ಜಂಪುರವೂ ಬಂತು. ಕೈ ಹಿಡಿದು ಇಳಿಸಿಕೊಂಡೆ.

ನಿಜ ಹೇಳಲು ಅಜ್ಜಂಪುರಕ್ಕೆ ಹೋದದ್ದು ಮಳೆಗಾಲ ಮುಗಿದ ಮೇಲೆ. ಜಗಲಿಯಲ್ಲಿ ಅವರೊಬ್ಬರೇ ಕಾಳು ಆರಿಸುತ್ತಿದ್ದರು. ಎಲ್ಲ ಹೇಳಿದೆ. ಅವರ ಕೈ ನಿಂತಿತು.

"ಹಂಗಾರೆ ನಾನಲ್ಲ."

"ಅಲ್ಲ ದೊಡ್ಡಮ್ಮ."

"ನಿನ್ ಹೆಂಡ್ತಿಗೆ ಹೇಳಿದ್ಯಾ?"

"ಇಲ್ಲ."

"ನಾನು ಮುಟ್ಟಿ ಮುಟ್ಟಿ ನೋಡ್ಕೊಂಡಿದ್ದೆ ಕಣೋ. ನಂಗೇನ್ ಹೇಳ್ತೀಯ? ಹೋಗಿ ಅವಳಿಗೆ ಹೇಳು."

ಅಂದು ಸಂಜೆಯೇ ಹೇಳಿದೆ. ಹೆಂಡತಿ ಬೈಯಲಿಲ್ಲ. ಭಾನುವಾರ ಒಬ್ಬಳೇ ಅಜ್ಜಂಪುರಕ್ಕೆ ಹೋಗಿಬಂದಳು. ಅವರಿಬ್ಬರೂ ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ಕೇಳುವ ಮುಖ ನನಗಿರಲಿಲ್ಲ.