ಕನ್ಯಾ ನೋಡಾಕ ಹೋದ ಪ್ರೋಟೀನ್ ಬಾರ್

ಹೆಣ್ಣು ನೋಡಲು ಹೋದ ಮನೆಯಲ್ಲಿ ಮುಂದಿಟ್ಟ ಉಪ್ಪಿಟ್ಟು-ಶಿರಾ ಬೇಡ ಅಂದ ಗಂಡನ್ನು ನೀವು ಕಂಡಿದ್ದೀರಾ? ನಾನು ಕಂಡೆ. ಮೊನ್ನೆ ಮೊನ್ನೆ, ಚಿಕ್ಕೇರೂರಿನಲ್ಲಿ. ಗಂಡು ಬೇರೆ ಯಾರೂ ಅಲ್ಲ, ನನ್ನ ಅಣ್ಣನ ಮಗ ಕಿರಣ.

ಕಿರಣ ಸವಣೂರಿನಲ್ಲಿ ಹೈಸ್ಕೂಲ್ ಮಾಸ್ತರ. ಜಿಮ್ ಸೇರಿದ ಮೇಲೆ ಅವನ ತಟ್ಟೆಯೇ ಬೇರೆ. ಇಷ್ಟು ಪ್ರೋಟೀನ್, ಇಷ್ಟು ಕಾರ್ಬ್, ಇಷ್ಟು ಫ್ಯಾಟ್. ಅಡುಗೆಮನೆಯಲ್ಲಿ ಪುಟ್ಟದೊಂದು ಡಿಜಿಟಲ್ ತಕ್ಕಡಿ. (ಬಂಗಾರದಂಗಡಿಯಲ್ಲೂ ಇಷ್ಟು ಕಟ್ಟುನಿಟ್ಟು ಇರಲಿಕ್ಕಿಲ್ಲ.)

ಹುಡುಗಿ ಸುಜಾತಾ ಶಿರಾ ತಂದಿಟ್ಟಳು. ತುಪ್ಪ ತೇಲುತ್ತಿತ್ತು. ಕಿರಣ ನಯವಾಗಿ ಕೈಮುಗಿದು, ಜೇಬಿನಿಂದ ಪ್ರೋಟೀನ್ ಬಾರ್ ತೆಗೆದ. ಕವರ್ ಹರಿದ ಸದ್ದು ಪಡಸಾಲೆಗೆಲ್ಲ ಕೇಳಿಸಿತು.

ಹುಡುಗಿಯ ಅಜ್ಜಿ ನನ್ನತ್ತ ಬಾಗಿದರು. "ಹುಡುಗಗ ಸಕ್ಕರಿ ಕಾಯಿಲೆ ಐತೇನವ್ವ? ಇದ್ರ ಈಗ ಹೇಳಿಬಿಡು."

ಪಿಸುಮಾತೇ. ಆದರೆ ಬೀದಿಗೂ ಕೇಳುವಂಥದ್ದು.

ಈಗಾಗಲೇ ಒಂದೆರಡು ಸಂಬಂಧ ಕೈತಪ್ಪಿದ್ದವು. ಅಣ್ಣ ನೆಲ ನೋಡುತ್ತ ಕೂತ. ಕಿರಣನ ಅವ್ವ, ನನ್ನ ವೈನಿಯ ಮುಖ ಬಾಡಿತ್ತು. ಕಿರಣ ಮಾತ್ರ ಪಾಠಕ್ಕೆ ನಿಂತ. "ಜಡ್ಡು ಗಿಡ್ಡು ಏನಿಲ್ಲರಿ ಅಜ್ಜಿ. ಇದು ಬ್ಯಾಲೆನ್ಸ್ಡ್ ಡಯಟ್. ಎಲ್ಲಾ ತೂಕ ಮಾಡಿ ತಿಂತೇನಿ."

ಸುಜಾತಾ ಕೇಳಿದಳು, "ತೂಕ ಮಾಡಿ ಬೇಯಿಸೋರು ಯಾರ್ರಿ?"

"ಅವ್ವ."

"ಅವ್ರು ಊರಿಗೆ ಹೋದ್ರ?"

ಕಿರಣ ಕೈಯಲ್ಲಿದ್ದ ಬಾರ್ ತೋರಿಸಿದ.

"ಮದುವಿ ಆದ ಮ್ಯಾಲ?"

ಮಾಸ್ತರಿಗೆ ಉತ್ತರ ಹೊಳೆಯಲಿಲ್ಲ. ಈ ಸಂಬಂಧವೂ ತಪ್ಪಿತು ಅಂದುಕೊಂಡೇ ನಾವು ಬಸ್ ಹತ್ತಿದೆವು.

ವಾರ ಕಳೆದು ಹುಡುಗಿಯ ಅಪ್ಪ ಫೋನ್ ಮಾಡಿದರು. "ಹುಡುಗಿ ಒಪ್ಯಾಳ್ರಿ. ಸುಳ್ಳು ಹೇಳ್ದ ಸುಮ್ಮನ ಕುಂತನಲ್ಲ, ಅದನ್ನ ಮೆಚ್ಚ್ಯಾಳ. ಆದ್ರ ಅವನ ಡಯಟ್ ಅವನ ಬೇಯಿಸ್ಕೋಬೇಕಂತ. ಮನಿ ಅಡಗಿ ಇಬ್ಬರೂ ಕೂಡಿ."

ಕಿರಣ ಒಂದು ದಿನ ತಕ್ಕಡಿ ಮುಂದಿಟ್ಟುಕೊಂಡು ಲೆಕ್ಕ ಹಾಕಿದ. ಆಮೇಲೆ ಹೂಂ ಅಂದ.

ಮದುವೆ ಇನ್ನೂ ಆಗಬೇಕು, ತಾಲೀಮೆಂದು ಈಗ ಅವನೇ ಕಾಳು ನೆನೆಹಾಕುತ್ತಾನೆ, ರೊಟ್ಟಿ ಬಡಿಯುತ್ತಾನೆ. (ಅದು ಯಾವ ದೇಶದ ನಕಾಶೆ ಅಂತ ಕೇಳಬಾರದು.) ಅವ್ವನನ್ನು ಕೇಳಲು ನಾಚಿಕೆ, ನಡುವೆ ನನಗೆ ಫೋನ್: "ಅತ್ತಿ, ಪಲ್ಯಾ ತಳಾ ಹಿಡದೈತಿ, ಏನ್ ಮಾಡ್ಲಿ?" ಸೋತ ದಿನ ಬಾರ್ ತಿಂದು ಮಲಗುತ್ತಾನೆ.

ನಮ್ಮ ಹಿರೇಕೆರೂರಿನ ಬಸ್‌ಸ್ಟ್ಯಾಂಡ್ ಅಂಗಡಿಯಲ್ಲೂ ಈಗ ಈ ಬಾರ್‌ಗಳು ಬಾಳೆಗೊನೆಯ ಪಕ್ಕ ಬಂದು ಕೂತಿವೆ. ಪೌಷ್ಟಿಕ ಅಂತ ಮಾರುತ್ತಾರೆ. ಕೊಳ್ಳುವವರು ಅದಕ್ಕೇ ಕೊಳ್ಳುತ್ತಾರಾ? ನನಗೆ ಅನುಮಾನ. ಮೊನ್ನೆ ವೈನಿ ಮಗನ ಬಾರ್ ಒಂದನ್ನು ಕಡಿದು ನೋಡಿದರು.

"ರುಚಿ ಏನಿಲ್ಲ ಬಿಡವಾ. ಆದ್ರ ಬೇಯಿಸೋದಿಲ್ಲ, ಬಡಿಸೋದಿಲ್ಲ, ಭಾಂಡಿ ತಿಕ್ಕೋದಿಲ್ಲ."

ಹಾಗಂದು ಇನ್ನೊಂದು ಬಿಚ್ಚಿದರು.

ತಟ್ಟೆಯಲ್ಲಿ ಎಲ್ಲವೂ ಬ್ಯಾಲೆನ್ಸ್ ಆಗಿರುವ ಮನೆಗಳಲ್ಲಿ, ಒಲೆ ಮುಂದೆ ನಿಲ್ಲುವ ಸರದಿ ಬ್ಯಾಲೆನ್ಸ್ ಆಗುವುದು ಯಾವಾಗ?