ಟಾಂಕಿಯೊಳಗಿನ ಗುಲಾಬಿ ನೀರು

ನಮ್ಮ ಅಂಧೇರಿಯ ಬಿಲ್ಡಿಂಗಿನಲ್ಲಿ ಎದುರು ಮನೆಯ ರಂಜನಾ ಏನು ಓದುತ್ತಾಳೆ ಎಂದು ಯಾರಾದರೂ ಕೇಳಿದರೆ ನನಗೆ ತಲೆಬಿಸಿ. ನೀರು, ಮಣ್ಣು, ಗಾಳಿಗೆ ಹೊಲಸು ಬೆರೆಸಿದವರು ಯಾರು ಎಂದು ಪತ್ತೆ ಹಚ್ಚುವ ಶಾಸ್ತ್ರವಂತೆ. ದಿನಾ ಲೋಕಲ್ ಟ್ರೇನ್ ಹತ್ತಿ ವಿಲೆ ಪಾರ್ಲೆಯ ಕಾಲೇಜಿಗೆ ಹೋಗುತ್ತಾಳೆ, ಬರುವಾಗ ಬಾಟಲಿಯಲ್ಲಿ ಯಾವುದೋ ಕೊಳಚೆ ನಾಲಾದ ನೀರು ತರುತ್ತಾಳೆ. ಒಮ್ಮೆ ಅದನ್ನು ಕೋಕಮ್ ಶರಬತ್ತು ಎಂದು ತಿಳಿದು ಮುಚ್ಚಳ ತೆಗೆದಿದ್ದೆ. ಅಬ್ಬಾ, ಆ ವಾಸನೆ ನೆನೆದರೆ ಈಗಲೂ ಊಟ ಸೇರುವುದಿಲ್ಲ! ಅವಳ ಅಜ್ಜಿ ರುದ್ರವ್ವನಿಗೆ ಮಾತ್ರ ಗೊಂದಲವೇ ಇಲ್ಲ. "ನೀರಿನ ಪೊಲೀಸ್ ಆಗ್ತಾಳವ್ವಾ ನನ್ನ ಮೊಮ್ಮಗಳು," ಎನ್ನುತ್ತಾಳೆ.

ಈ ಶ್ರಾವಣದಲ್ಲಿ ನಮ್ಮ ನಲ್ಲಿಯಲ್ಲೇ ಗುಲಾಬಿ ನೀರು ಬಂತು. ಬಿಳಿ ಅಂಗಿ ಬಿಟ್ಟು ಬೇರೆ ತೊಡದ ಸೊಸೈಟಿ ಸೆಕ್ರೆಟರಿ ನೀಲಕಂಠಪ್ಪನವರ ಅಂಗಿಗಳೆಲ್ಲ ನಸುಗೆಂಪಾದವು. ನಾನು ನಗಲಿಲ್ಲ ಎಂದರೆ ಸುಳ್ಳಾದೀತು. ಕಂಪೌಂಡಿನಲ್ಲಿ, ನೆಲದ ಟಾಂಕಿಯ ಪಕ್ಕದಲ್ಲೇ ಸಂತುವಿನ ಶೆಡ್ಡು. ಬೆಳಗಾವಿ ಕಡೆಯವನು, ಪ್ರತಿವರ್ಷ ಅಲ್ಲಿ ಗಣಪತಿಗಳಿಗೆ ಬಣ್ಣ ಹಚ್ಚುತ್ತಾನೆ. ಕೆಂಪು ಬಣ್ಣದ ಡಬ್ಬಿ ಕಣ್ಣೆದುರೇ ಇರುವಾಗ ಸೆಕ್ರೆಟರಿಗೆ ಇನ್ನೇನು ಬೇಕು?

"ರವಿವಾರ ಮೀಟಿಂಗ್. ಅವತ್ತೇ ಸಂತೂನ ಶೆಡ್ ಖಾಲಿ!" ಎಂದು ಗುಡುಗಿದರು.

ಸಂತು ಕಂಗಾಲಾದ. ಅರ್ಧ ಬಣ್ಣದ ಗಣಪತಿಗಳನ್ನು ಈ ಮಳೆಯಲ್ಲಿ ಎಲ್ಲಿಗೆ ಒಯ್ಯುವುದು? ಹಬ್ಬ ತಪ್ಪಿದರೆ ಅವನ ವರ್ಷದ ಅನ್ನವೇ ಹೋದಂತೆ. "ಅಕ್ಕಾರ, ಬ್ರಶ್ ಸೈತ ನಾ ಹೊರಗ ತೊಳಿಯಂಗಿಲ್ರಿ," ಎಂದು ಕಣ್ಣೀರು ಹಾಕಿದ.

ರಂಜನಾಳಿಗೆ ಕೊನೆಯ ವರ್ಷದ ಪ್ರಾಜೆಕ್ಟು ಬೇರೆ ಬೇಕಾಗಿತ್ತು. "ಆಂಟಿ, ರವಿವಾರ ತಕ್ ಟೈಮ್ ಐತಿ. ನಾನು ಹುಡುಕ್ತೀನಿ," ಎಂದು ಬಾಟಲಿ ಹಿಡಿದು ಹೊರಟಳು.

ಮನೆಗೆ ಮರಳಿ ನನ್ನೆದುರೇ ಒದ್ದೆ ಸೋಸುವ ಕಾಗದದ ಮೇಲೆ ಸಂತುವಿನ ಬಣ್ಣ ಇಟ್ಟಳು. ಅದು ಇಟ್ಟಲ್ಲೇ ಗಟ್ಟಿಯಾಗಿ ಕುಳಿತಿತು. ಟಾಂಕಿಯ ತಳದಿಂದ ತೆಗೆದ ಗಸಿಯನ್ನು ಇಟ್ಟರೆ ಕೆಂಪು ಸುತ್ತಲೂ ಹರಡಿ, ನಡುವೆ ಹಳದಿ ಉಳಿಯಿತು.

"ಅಜ್ಜಿ, ಥೋಡಾ ಸುಣ್ಣ ಕೊಡು."

ಎಲೆ ಅಡಿಕೆ ಜಗಿಯುತ್ತಿದ್ದ ರುದ್ರವ್ವ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, "ತಗೋ, ಎಷ್ಟ ಬೇಕೋ ಅಷ್ಟ ತಗೋ," ಎಂದು ಜಂಬದಿಂದ ಕೊಟ್ಟಳು. ಸುಣ್ಣದ ನೀರು ತಾಗಿದ್ದೇ ಹಳದಿ ಕೆಂಪಾಯಿತು. ಅರಿಶಿನ! ಸಂತುವಿನ ಡಬ್ಬಿಗಳಲ್ಲಿ ಅರಿಶಿನ ಎಲ್ಲಿಂದ ಬರಬೇಕು? ಮೇಲಾಗಿ ಪ್ರತಿವಾರವೂ ನೀರು ಶುಕ್ರವಾರ ಗಾಢ, ಸೋಮವಾರದ ಹೊತ್ತಿಗೆ ತಿಳಿ. ಶ್ರಾವಣ ಶುಕ್ರವಾರ, ಅರಿಶಿನ, ಕುಂಕುಮ. ರಂಜನಾ ಮೆಲ್ಲಗೆ ದೇವರ ಗೂಡಿನ ಕಡೆ ತಿರುಗಿದಳು. ನಾನೂ ತಿರುಗಿದೆ. ಅಲ್ಲಿದ್ದ ಕುಂಕುಮವನ್ನು ಒದ್ದೆ ಕಾಗದದ ಮೇಲಿಟ್ಟರೆ ಅದೇ ಕೆಂಪು, ಅದೇ ರೀತಿ ಹರಡಿತು.

"ಅಜ್ಜಿ, ನೀನು ಟಾಂಕಿ ಹತ್ರ ಹೋಗಿದ್ಯಾ?"

"ಹೋಗದ ಏನ? ಊರಾಗ ಬಾವಿಗೆ ಗಂಗಿ ಪೂಜಿ ಮಾಡ್ತಿದ್ವಿ. ಇಲ್ಲಿ ಬಾವಿ ಎಲ್ಲೈತಿ? ಶುಕ್ರಾರ ನಸುಕಿನ್ಯಾಗ ಟಾಂಕಿ ಮುಚ್ಚಳ ಸರಿಸಿ ಅರಿಷಿಣ ಕುಂಕುಮ ಏರಿಸಿ ಬರ್ತೀನಿ. ನೀರಿನ ಓದು ಓದಾಕತ್ತೀದಿ, ಗಂಗವ್ವ ನಿನ್ನ ಪಾಸ್ ಮಾಡ್ಬೇಕಲ್ಲ!"

"ಎಷ್ಟು ಹಾಕ್ತಿ?"

"ಇಡೀ ಬಿಲ್ಡಿಂಗಿನ ಟಾಂಕಿ ಅದು. ಚಿಟಿಕಿ ಹಾಕಿದ್ರ ಆಕಿ ನಕ್ಕಾಳು. ಪಾಕೀಟ ಸುರುವ್ತೀನಿ."

ರಂಜನಾ ತಲೆ ಹಿಡಿದು ಕುಳಿತಳು. "ಸುಮ್ಮನಿರು ಮಾರಾಯ್ತಿ, ಪತ್ತೆ ಆಗಲಿಲ್ಲ ಅಂದುಬಿಡು," ಎಂದೆ. ನೀಲಕಂಠಪ್ಪನವರ ಬಾಯಿಗೆ ಮುದುಕಿಯನ್ನು ಕೊಡಲು ನನಗೆ ಮನಸ್ಸಿರಲಿಲ್ಲ.

"ಮತ್ತೆ ಸಂತು ಅಂಕಲ್?" ಎಂದಳು. ಕಾಗದಗಳನ್ನು ಜೋಪಾನವಾಗಿ ಎತ್ತಿಟ್ಟಳು.

ಮೀಟಿಂಗಿಗೆ ನೀಲಕಂಠಪ್ಪನವರು ಗುಲಾಬಿ ಅಂಗಿಯಲ್ಲೇ ಬಂದರು. ರಂಜನಾ ಎದ್ದು ನಿಂತಳು. "ಸಂತು ಅಂಕಲ್ ನಹೀ. ಇದು ನಮ್ಮ ಮನಿ ಕುಂಕುಮ," ಎಂದು ಕಾಗದಗಳನ್ನು ತೋರಿಸಿದಳು. ಸಂತು ಗೋಡೆಗೆ ಒರಗಿ ಉಸಿರು ಬಿಟ್ಟ. ಎಲ್ಲರ ಕಣ್ಣೂ ರುದ್ರವ್ವನ ಮೇಲೆ.

ಅವಳು ಸೆರಗು ಸರಿ ಮಾಡಿಕೊಂಡು ಎದ್ದಳು. "ಹೌದೋ ಯಪ್ಪಾ, ನಾನ. ತಪ್ಪಾತು. ಟಾಂಕಿ ನಾನ ತಿಕ್ಕಿಸಿ ಕೊಡ್ತೀನಿ. ಆದ್ರ ಗಣಪ್ಪನ್ನ ಮಳ್ಯಾಗ ಹೊರಗ ಹಾಕಿದ್ರ ನೋಡ್ರಿ ಮತ್ತ!"

ನೀಲಕಂಠಪ್ಪನವರು ಅಂಗಿಯ ಗುಂಡಿ ತಿರುವುತ್ತಾ ಕುಳಿತರು. ಶೆಡ್ಡು ಉಳಿಯಿತು.

ಪ್ರಾಜೆಕ್ಟಿಗೆ ಕಾಲೇಜಿನಲ್ಲೇ ಮೊದಲ ಸ್ಥಾನ ಬಂತು. ರಂಜನಾ ಪೇಢೆ ತಂದಳು. ರುದ್ರವ್ವ ಮೊದಲ ಪೇಢೆಯನ್ನು ದೇವರ ಮುಂದಿನ ನೀರಿನ ತಂಬಿಗೆಗೆ ತೋರಿಸಿದಳು. ಟಾಂಕಿಗೆ ಹೋಗಬಾರದೆಂದು ತಾಕೀತಾದ ಮೇಲೆ ಅವಳ ಗಂಗವ್ವ ಈಗ ತಂಬಿಗೆಯಲ್ಲಿದ್ದಾಳೆ.

ರಂಜನಾ ಸಿಡುಕಿದಳು. "ಅಜ್ಜಿ, ಗಂಗವ್ವ ಅಲ್ಲ, ಮೆಹನತ್ ಮಾಡಿದ್ದು ನಾನು!"

"ಮಾಡಿದಿ, ಯಾರ ಇಲ್ಲ ಅಂದ್ರು?" ರುದ್ರವ್ವ ಪೇಢೆ ಬಾಯಿಗೆ ಹಾಕಿಕೊಂಡಳು. "ಆದ್ರ ನಾ ಕುಂಕುಮ ಹಾಕದಿದ್ರ ನೀ ಏನ ಹುಡುಕ್ತಿದ್ದಿ, ನನ್ನ ತಲಿ?"